ಕಾಲ್ಚೆಂಡಿನ ಮೈದಾನವೂ ಅದರ ಸುತ್ತಲ ನೆಲವೂ

ಕಾಲ್ಚೆಂಡಾಟಕ್ಕೆ ಬೇಕಾದ ನೆಲ ಬಹಳವೇನೂ ಅಲ್ಲ. 105 ಮೀಟರ್ ಉದ್ದ, 68 ಮೀಟರ್ ಅಗಲ. ನಮ್ಮ ನಾಡಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂದೂ ಮುಕ್ಕಾಲು ಎಕರೆ. ಪ್ರೇಕ್ಷಕರ ಮೆಟ್ಟಿಲುಗಳು, ಬಾಗಿಲುಗಳು, ದಾರಿಗಳು ಎಲ್ಲವನ್ನೂ ಸೇರಿಸಿದರೂ ದೊಡ್ಡದೊಂದು ಕ್ರೀಡಾಂಗಣ ಹತ್ತು ಹನ್ನೆರಡು ಎಕರೆಯೊಳಗೆ ಅಡಗಿಬಿಡುತ್ತದೆ. ಆದರೆ ಆ ನೆಲ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗಳು ಇಂಗ್ಲೆಂಡಿನ ಕಾಲ್ಚೆಂಡು ಕ್ಲಬ್ಬುಗಳ ಇತಿಹಾಸದಲ್ಲಿ ಆಟದ ಸೋಲುಗೆಲುವುಗಳಿಗಿಂತ ಹೆಚ್ಚಿನ ಕೋಲಾಹಲವನ್ನು ಉಂಟುಮಾಡಿವೆ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಅಲ್ಲಿನ ಬಹುತೇಕ ಮೈದಾನಗಳು ಊರಂಚಿನ ಅಗ್ಗದ ನೆಲದಲ್ಲಿ, ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟ ಕಾರ್ಮಿಕರು ಬರಲು ಅನುಕೂಲವಾಗುವಂತೆ, ರೈಲು ನಿಲ್ದಾಣಗಳ ಸಮೀಪದಲ್ಲಿ ಹುಟ್ಟಿಕೊಂಡವು. ಕಾಲಾಂತರದಲ್ಲಿ ಊರು ಬೆಳೆದು ಮೈದಾನವನ್ನು ನುಂಗಿತು. ಅಂಚಿನಲ್ಲಿದ್ದುದು ನಡುವಿಗೆ ಬಂತು. ವರ್ಷದಲ್ಲಿ ಇಪ್ಪತ್ತೈದು ಮೂವತ್ತು ದಿನ ಆಟ ನಡೆದು ಉಳಿದ ದಿನಗಳೆಲ್ಲ ಖಾಲಿ ಬಿದ್ದಿರುವ ಹನ್ನೆರಡು ಎಕರೆಯನ್ನು ಭೂವ್ಯಾಪಾರಿಯು ಯಾವ ಕಣ್ಣಿನಿಂದ ನೋಡಿಯಾನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನವರು ಇದನ್ನು ಅರಿಯದವರಾಗಿರಲಿಲ್ಲ. ಕ್ಲಬ್ಬುಗಳು ಕಂಪೆನಿಗಳಾಗಿ ನೋಂದಣಿಯಾಗತೊಡಗಿದ ಕಾಲದಲ್ಲಿಯೇ ಇಂಗ್ಲೆಂಡಿನ ಕಾಲ್ಚೆಂಡು ಸಂಸ್ಥೆಯು ಕೆಲವು ಕಟ್ಟುಪಾಡುಗಳನ್ನು ವಿಧಿಸಿತ್ತು. ನಿರ್ದೇಶಕರು ಸಂಬಳ ಪಡೆಯುವಂತಿರಲಿಲ್ಲ. ಷೇರುದಾರರ ಲಾಭಾಂಶಕ್ಕೆ ಮಿತಿಯಿತ್ತು. ಕ್ಲಬ್ಬನ್ನು ಮುಚ್ಚಿದರೆ ಉಳಿದ ಆಸ್ತಿಯು ಷೇರುದಾರರ ಜೇಬಿಗೆ ಹೋಗದೆ ಕ್ರೀಡೆಗೆ ಸಂಬಂಧಿಸಿದ ಧರ್ಮಕಾರ್ಯಗಳಿಗೋ ಇತರ ಕ್ರೀಡಾ ಸಂಸ್ಥೆಗಳಿಗೋ ಸಲ್ಲಬೇಕಾಗಿತ್ತು. ಮೈದಾನವನ್ನು ಮಾರಿ ಹಣ ಹಂಚಿಕೊಳ್ಳುವ ಆಸೆಗೆ ಇದು ಬಹುಕಾಲ ಕಡಿವಾಣವಾಗಿತ್ತು. 1983ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬು ತನ್ನ ಮೇಲೊಂದು ಒಡೆಯ ಕಂಪೆನಿಯನ್ನು ಸ್ಥಾಪಿಸಿ ಅದರ ಷೇರುಗಳನ್ನು ಷೇರುಪೇಟೆಯಲ್ಲಿ ಮಾರಿತು. ನಿಯಮವು ಕ್ಲಬ್ಬಿಗೆ ಅನ್ವಯಿಸುತ್ತಿತ್ತೇ ಹೊರತು ಒಡೆಯ ಕಂಪೆನಿಗಲ್ಲ! ಒಬ್ಬರು ತೋರಿದ ಈ ಹಾದಿಯನ್ನು ಉಳಿದವರು ಹಿಡಿಯಲು ತಡವಾಗಲಿಲ್ಲ.

ಕಡಿವಾಣ ಸಡಿಲವಾದರೆ ಏನಾದೀತೆಂಬುದಕ್ಕೆ ದಕ್ಷಿಣದ ಕಡಲತೀರದ ಬ್ರೈಟನ್ ಪಟ್ಟಣವೇ ಸಾಕ್ಷಿ. ಅಲ್ಲಿನ ಕ್ಲಬ್ಬು 1902ರಿಂದ ಗೋಲ್ಡ್‌ಸ್ಟೋನ್ ಮೈದಾನದಲ್ಲಿ ಆಡುತ್ತಿತ್ತು. ಸಾಲದ ನೆಪ ಹೇಳಿ ಆಡಳಿತ ಮಂಡಳಿಯು 1995ರಲ್ಲಿ ಆ ಮೈದಾನವನ್ನು ಒಂದು ಭೂ ಅಭಿವೃದ್ಧಿ ಸಂಸ್ಥೆಗೆ 74 ಲಕ್ಷ ಪೌಂಡುಗಳಿಗೆ ಮಾರಿತು. ಆಸ್ತಿಯಿಂದ ಷೇರುದಾರರು ಲಾಭ ಪಡೆಯಬಾರದೆಂಬ ಹಳೆಯ ವಾಕ್ಯವನ್ನು ಕ್ಲಬ್ಬಿನ ನಿಯಮಾವಳಿಯಿಂದ ಸದ್ದಿಲ್ಲದೆ ತೆಗೆದುಹಾಕಲಾಗಿದ್ದ ಸಂಗತಿಯೂ ಆಗ ಬಯಲಿಗೆ ಬಂತು. ಬಯಲಿಗೆ ಬಂದ ಮೇಲೆ ಅದನ್ನು ಮರಳಿ ಸೇರಿಸಿದರು. ಮೈದಾನವನ್ನೇನೋ ಮರಳಿ ತರಲಾಗಲಿಲ್ಲ. ಬೇರೊಂದು ಮೈದಾನವನ್ನು ಗೊತ್ತುಮಾಡದೆಯೇ ಇದ್ದುದನ್ನು ಮಾರಿದ್ದರೆಂಬುದು ಜನರ ಕೋಪವನ್ನು ಇಮ್ಮಡಿಗೊಳಿಸಿತು. 1996ರ ಏಪ್ರಿಲ್‌ನಲ್ಲಿ ಪ್ರೇಕ್ಷಕರು ಅಂಗಣಕ್ಕೆ ನುಗ್ಗಿ ಗೋಲಿನ ಕಂಬಗಳನ್ನು ಮುರಿದರು. ಹದಿನಾರು ನಿಮಿಷಕ್ಕೇ ಪಂದ್ಯ ನಿಂತಿತು. ಒಂದು ವರ್ಷದ ಬಾಡಿಗೆಯ ಅವಧಿ ದೊರೆತುದಷ್ಟೇ ಅದರ ಫಲ. 1997ರ ಏಪ್ರಿಲ್ 26ರಂದು ಅಲ್ಲಿ ಕೊನೆಯ ಪಂದ್ಯ ನಡೆಯಿತು. ಆ ಜಾಗದಲ್ಲಿ ಈಗ ಅಂಗಡಿಗಳ ಸಾಲು ನಿಂತಿದೆ. ಕ್ಲಬ್ಬು ಎರಡು ವರ್ಷ ಸುಮಾರು 70 ಮೈಲಿ ದೂರದ ಜಿಲ್ಲಿಂಗ್‌ಹ್ಯಾಮಿನಲ್ಲಿ, ತರುವಾಯ ಹನ್ನೆರಡು ವರ್ಷ ಓಟದ ಪಂದ್ಯಗಳ ಪುಟ್ಟ ಮೈದಾನವೊಂದರಲ್ಲಿ ದಿನ ನೂಕಿ, 2011ರಲ್ಲಿ ಸ್ವಂತ ಕ್ರೀಡಾಂಗಣವನ್ನು ಸೇರಿತು. ಆ ಹದಿನಾಲ್ಕು ವರ್ಷಗಳಲ್ಲಿ ಬ್ರೈಟನ್ನಿನಲ್ಲಿ ಹುಟ್ಟಿ ಬೆಳೆದ ಬಾಲಕನೊಬ್ಬನು ತನ್ನ ಊರಿನ ಕ್ಲಬ್ಬನ್ನು ಅದರ ಮನೆಯಂಗಳದಲ್ಲಿ ಕಂಡವನೇ ಅಲ್ಲ.

ಲಂಡನ್ನಿನ ಚೆಲ್ಸೀ ಕ್ಲಬ್ಬಿನ ಕಥೆ ಇದಕ್ಕಿಂತ ದೀರ್ಘವಾದುದು, ವಿಚಿತ್ರವಾದುದು. ಸ್ಟ್ಯಾಮ್‌ಫರ್ಡ್ ಬ್ರಿಜ್ ಎಂಬ ಅದರ ಮೈದಾನವು ಕ್ಲಬ್ಬಿಗಿಂತಲೂ ಹಳೆಯದು. 1877ರಲ್ಲಿ ಓಟ ಜಿಗಿತಗಳ ಪಂದ್ಯಗಳಿಗಾಗಿ ತೆರೆದದ್ದು. 1904ರಲ್ಲಿ ಅದನ್ನು ಪಡೆದುಕೊಂಡ ಕಂತ್ರಾಟುದಾರ ಗಸ್ ಮಿಯರ್ಸ್, ನೆರೆಯ ಫುಲ್‌ಹ್ಯಾಮ್ ಕ್ಲಬ್ಬು ಅಲ್ಲಿಗೆ ಬರಲು ಒಪ್ಪದಿದ್ದಾಗ ಕಲ್ಲಿದ್ದಲು ಸಂಗ್ರಹಿಸುವ ಅಂಗಳಕ್ಕಾಗಿ ರೈಲ್ವೆ ಕಂಪೆನಿಗೆ ಮಾರುವ ಯೋಚನೆಯಲ್ಲಿದ್ದನು. ಅವನ ಮಿತ್ರ ಫ್ರೆಡ್ ಪಾರ್ಕರನನ್ನು ಮಿಯರ್ಸನ ನಾಯಿ ಕಚ್ಚಿತೆಂದೂ, ಪಾರ್ಕರನು ಅದನ್ನು ನಗುತ್ತಲೇ ಸಹಿಸಿದ್ದನ್ನು ಕಂಡು ಮಿಯರ್ಸನು ಅವನ ಸಲಹೆಯನ್ನೇ ನೆಚ್ಚಿ ಮೈದಾನವನ್ನು ಉಳಿಸಿಕೊಂಡನೆಂದೂ ಪ್ರತೀತಿ. ನಾಯಿಯ ಸಂಗತಿ ಎಷ್ಟು ನಿಜವೋ, 1905ರ ಮಾರ್ಚಿಯಲ್ಲಿ ಕ್ಲಬ್ಬು ಹುಟ್ಟಿದ್ದು ಮಾತ್ರ ನಿಜ. ಆಟಗಾರರಿಗಾಗಿ ಮೈದಾನವನ್ನು ಹುಡುಕುವುದು ಲೋಕರೂಢಿ. ಇಲ್ಲಿ ಮೈದಾನಕ್ಕಾಗಿ ಆಟಗಾರರನ್ನು ಹುಡುಕಿದರು.

ಮುಂದಿನ ತೊಡಕಿನ ಬೀಜವೂ ಅಲ್ಲಿಯೇ ಇತ್ತು. 1970ರ ದಶಕದಲ್ಲಿ ಕಟ್ಟಿದ ಮೂರಂತಸ್ತಿನ ಪೂರ್ವ ಪ್ರೇಕ್ಷಕಾಗಾರದ ವೆಚ್ಚವು ಅಂದಾಜನ್ನು ಮೀರಿ ಕ್ಲಬ್ಬನ್ನು ಸಾಲದಲ್ಲಿ ಮುಳುಗಿಸಿತು. 1982ರಲ್ಲಿ ಕೆನ್ ಬೇಟ್ಸ್ ಎಂಬ ಉದ್ಯಮಿ ಒಂದೇ ಒಂದು ಪೌಂಡು ಕೊಟ್ಟು, ಸಾಲವನ್ನು ಹೊತ್ತು ಕ್ಲಬ್ಬನ್ನು ಕೊಂಡನು. ಆದರೆ ನೆಲವು ಬೇರೊಂದು ಕಂಪೆನಿಯ ಹೆಸರಿನಲ್ಲಿತ್ತು; ಅದು ಮಿಯರ್ಸ್ ಮನೆತನದಿಂದ ಜಾರಿ ಮಾರ್ಲರ್ ಎಸ್ಟೇಟ್ಸ್ ಎಂಬ ಭೂಸಂಸ್ಥೆಯ ಕೈಸೇರಿತು. ಕ್ಲಬ್ಬು ತನ್ನ ಮನೆಯಲ್ಲಿಯೇ ಬಾಡಿಗೆಗಾರನಾಯಿತು. ಅದೇ ಸಂಸ್ಥೆಯು ನೆರೆಯ ಫುಲ್‌ಹ್ಯಾಮ್ ಹಾಗೂ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬುಗಳನ್ನೂ ವಶಪಡಿಸಿಕೊಂಡು, 1987ರಲ್ಲಿ ಅವೆರಡನ್ನೂ ಒಂದುಗೂಡಿಸುವುದಾಗಿ ಸಾರಿತು. ಎರಡು ತಂಡಗಳಿಗೆ ಒಂದೇ ಮೈದಾನ ಸಾಕಾದರೆ, ಥೇಮ್ಸ್ ನದಿಯ ದಂಡೆಯ ಮತ್ತೊಂದು ಮೈದಾನದಲ್ಲಿ ಮನೆಗಳನ್ನು ಕಟ್ಟಬಹುದಲ್ಲವೆ! ಪ್ರೇಕ್ಷಕರ ಪ್ರತಿಭಟನೆಯಿಂದ ಆ ವಿಲೀನವು ಮುರಿದುಬಿತ್ತು.

ಚೆಲ್ಸೀಯ ಪಾಡು ಮಾತ್ರ ಬಗೆಹರಿಯಲಿಲ್ಲ. ಮಾರ್ಲರನ್ನು ಕ್ಯಾಬ್ರಾ ಎಸ್ಟೇಟ್ಸ್ ಎಂಬ ಮತ್ತೊಂದು ಸಂಸ್ಥೆ ಕೊಂಡಿತು. ವರ್ಷಗಟ್ಟಲೆ ನ್ಯಾಯಾಲಯದ ವ್ಯಾಜ್ಯಗಳು ನಡೆದವು; ‘ಬ್ರಿಜ್ ಉಳಿಸಿ’ ಎಂಬ ನಿಧಿಯೂ ಏರ್ಪಟ್ಟಿತು. ಕೊನೆಗೆ ಕ್ಲಬ್ಬನ್ನು ಉಳಿಸಿದ್ದು ವಕೀಲರೂ ಅಲ್ಲ, ನಿಧಿಯೂ ಅಲ್ಲ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಭೂಮಿಯ ಬೆಲೆ ಕುಸಿದು ಕ್ಯಾಬ್ರಾ ಸಂಸ್ಥೆಯೇ ದಿವಾಳಿಯಾದದ್ದು. ನೆಲದ ಬೆಲೆ ಏರಿದ್ದರಿಂದ ಬಂದ ಕಂಟಕವು ಅದು ಇಳಿದದ್ದರಿಂದಲೇ ಕಳೆಯಿತು. 1992ರ ಕೊನೆಯಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಆ ನೆಲವನ್ನು ವಶಕ್ಕೆ ತೆಗೆದುಕೊಂಡು ಕ್ಲಬ್ಬಿಗೆ ಗುತ್ತಿಗೆ ಕೊಟ್ಟಿತು. ಮುಂದೆ ಕೊಳ್ಳುವ ಹಕ್ಕನ್ನೂ ಕೊಟ್ಟಿತು.

ಇಲ್ಲಿಂದ ಮುಂದೆ ಬೇಟ್ಸ್ ಮಾಡಿದ ಎರಡು ಕೆಲಸಗಳು ಪರಸ್ಪರ ವಿರುದ್ಧವಾಗಿ ತೋರಿದರೂ ಒಂದೇ ಅನುಭವದಿಂದ ಹುಟ್ಟಿದವು. ಮೊದಲನೆಯದಾಗಿ, ಅವನೇ ಭೂ ಅಭಿವೃದ್ಧಿಗೆ ಕೈಹಾಕಿ, ‘ಚೆಲ್ಸೀ ವಿಲೇಜ್’ ಎಂಬ ಹೆಸರಿನಲ್ಲಿ ಮೈದಾನದ ಸುತ್ತ ಹೋಟೆಲು, ಉಪಾಹಾರ ಮಂದಿರ, ವಸತಿಗಳನ್ನು ಕಟ್ಟಿಸಿದನು. ಆಟವಿಲ್ಲದ ದಿನಗಳಲ್ಲಿಯೂ ನೆಲ ದುಡಿಯಬೇಕೆಂಬುದು ಅವನ ವಾದ. ಹಣವನ್ನು ಆಟಗಾರರಿಗಾಗಿ ವೆಚ್ಚಮಾಡಬೇಕೆಂದ ಸಹನಿರ್ದೇಶಕ ಮ್ಯಾಥ್ಯೂ ಹಾರ್ಡಿಂಗನಿಗೂ ಅವನಿಗೂ ಬಹಿರಂಗ ಕಲಹವಾಯಿತು. 2003ರಲ್ಲಿ ರೋಮನ್ ಅಬ್ರಮೋವಿಚ್ ಕ್ಲಬ್ಬನ್ನು ಕೊಳ್ಳುವ ಹೊತ್ತಿಗೆ ಸಾಲವು ಸುಮಾರು 8 ಕೋಟಿ ಪೌಂಡುಗಳಷ್ಟಾಗಿತ್ತು. ಹೋಟೆಲುಗಳು ಕ್ಲಬ್ಬನ್ನು ಸಾಕಲಿಲ್ಲವೆಂದೇ ಹೇಳಬೇಕು.

ಎರಡನೆಯದು ‘ಚೆಲ್ಸೀ ಪಿಚ್ ಓನರ್ಸ್’, ಅಂದರೆ ಅಂಗಣದ ಒಡೆಯರು ಎಂಬ ಸಂಸ್ಥೆ. 1993ರಲ್ಲಿ ಸ್ಥಾಪಿತವಾದ ಇದರಲ್ಲಿ 100 ಪೌಂಡಿಗೆ ಒಂದು ಷೇರು, ಅಭಿಮಾನಿಗಳೇ ಷೇರುದಾರರು. ಎಷ್ಟೇ ಷೇರುಗಳನ್ನು ಹೊಂದಿದ್ದರೂ ಒಬ್ಬನಿಗೆ ನೂರಕ್ಕಿಂತ ಹೆಚ್ಚು ಮತಗಳಿಲ್ಲ. ಕ್ಲಬ್ಬಿನಿಂದಲೇ ಸಾಲ ಪಡೆದು 1997ರಲ್ಲಿ ಈ ಸಂಸ್ಥೆಯು ಮೈದಾನದ ಪೂರ್ಣ ಒಡೆತನವನ್ನು ಕೊಂಡು, ಹೆಸರಿಗೆ ಮಾತ್ರದ ಬಾಡಿಗೆಗೆ 199 ವರ್ಷಗಳ ಗುತ್ತಿಗೆಯ ಮೇಲೆ ಕ್ಲಬ್ಬಿಗೇ ಬಿಟ್ಟುಕೊಟ್ಟಿತು. ಇನ್ನೂ ಒಂದು ಕರಾರುಂಟು: ಕ್ಲಬ್ಬು ಇವರ ಒಪ್ಪಿಗೆಯಿಲ್ಲದೆ ಬೇರೆಡೆಗೆ ಹೋದರೆ ‘ಚೆಲ್ಸೀ ಫುಟ್‌ಬಾಲ್ ಕ್ಲಬ್’ ಎಂಬ ಹೆಸರನ್ನು ಒಯ್ಯುವಂತಿಲ್ಲ. ಮುಂದೆ ಬರಲಿರುವ ಒಡೆಯರನ್ನು ನಂಬದೆ ಇದ್ದ ಒಡೆಯನೇ ಹಾಕಿಕೊಟ್ಟ ಬೇಲಿ ಇದು.

ಬೇಲಿಯ ಬಲವು 2011ರಲ್ಲಿ ಪರೀಕ್ಷೆಗೆ ಒಳಗಾಯಿತು. ದೊಡ್ಡ ಕ್ರೀಡಾಂಗಣವನ್ನು ಬೇರೆಡೆ ಕಟ್ಟುವ ಅವಕಾಶವನ್ನು ಬಯಸಿದ ಕ್ಲಬ್ಬು ನೆಲವನ್ನು ತನಗೆ ಮಾರುವಂತೆ ಷೇರುದಾರರನ್ನು ಕೇಳಿತು. ಗೆಲ್ಲಲು ನೂರಕ್ಕೆ 75 ಮತಗಳು ಬೇಕಾಗಿದ್ದವು, ಬಂದುದು 61.6 ಮಾತ್ರ. ಬಹುಮತವಿದ್ದೂ ಸೋತ ಅಬ್ರಮೋವಿಚ್ ಇದ್ದ ಜಾಗದಲ್ಲಿಯೇ 60,000 ಆಸನಗಳ ಕ್ರೀಡಾಂಗಣವನ್ನು ಕಟ್ಟಲು ಯೋಜಿಸಿದನು. 2017ರಲ್ಲಿ ಸ್ಥಳೀಯ ಆಡಳಿತದ ಅನುಮತಿ ದೊರೆಯಿತು. ಪಕ್ಕದ ಮನೆಯವರು ತಮ್ಮ ಕಿಟಕಿಗೆ ಬೆಳಕು ತಪ್ಪುತ್ತದೆಂದು ತಡೆಯಾಜ್ಞೆಗೆ ಹೋದದ್ದೂ ಉಂಟು. 2018ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಇದೇ ಕಾಲದಲ್ಲಿ ಆರ್ಸೆನಲ್ ಕ್ಲಬ್ಬು ಬೇರೊಂದು ಮಾರ್ಗವನ್ನು ಹಿಡಿದಿತ್ತು. ಸಮೀಪದಲ್ಲಿಯೇ ಹೊಸ ಕ್ರೀಡಾಂಗಣವನ್ನು ಮೊದಲು ಕಟ್ಟಿ, 2006ರಲ್ಲಿ ಅಲ್ಲಿಗೆ ಹೋದ ಬಳಿಕವೇ ಹೈಬರಿಯ ಹಳೆಯ ಮೈದಾನವನ್ನು ತಾನೇ ವಸತಿಗಳನ್ನಾಗಿ ಮಾರ್ಪಡಿಸಿತು. ಆಟದ ಅಂಗಣವು ಮನೆಗಳ ನಡುವಿನ ತೋಟವಾಗಿ ಉಳಿಯಿತು. ಬ್ರೈಟನ್ನಿನಲ್ಲಿ ತಪ್ಪಿದ್ದು ಈ ಕ್ರಮವೇ.

2022ರಲ್ಲಿ ಚೆಲ್ಸೀ ಮತ್ತೆ ಕೈಬದಲಾಯಿತು. ಬೆಲೆ 250 ಕೋಟಿ ಪೌಂಡು. ಆ ಕ್ರಯದಲ್ಲಿ ಹೋಟೆಲುಗಳಿದ್ದವು, ಆಟಗಾರರ ಒಪ್ಪಂದಗಳಿದ್ದವು. ಆಡುವ ನೆಲದ ಒಡೆತನವಿರಲಿಲ್ಲ. ಮರುವರ್ಷ ಹೊಸ ಒಡೆಯರು ಮಗ್ಗುಲಿನ 1.2 ಎಕರೆ, ಅಂದರೆ 48 ಗುಂಟೆ ನೆಲವನ್ನು ಕೊಳ್ಳಲು ಕರಾರು ಮಾಡಿಕೊಂಡರು. ಅದು ಮೊದಲನೆಯ ಮಹಾಯುದ್ಧದಲ್ಲಿ ಅಂಗವಿಕಲರಾದ ಸೈನಿಕರ ವಸತಿಗಾಗಿ ನಾಟಕಶಾಲೆಗಳ ಒಡೆಯ ಆಸ್ವಾಲ್ಡ್ ಸ್ಟೋಲ್ 1916ರಲ್ಲಿ ಆರಂಭಿಸಿದ ಧರ್ಮಸಂಸ್ಥೆಯ ಆಸ್ತಿ. ಬಂದ ಹಣದಿಂದ ಮಾಜಿ ಸೈನಿಕರಿಗೆ ಹೊಸ ಮನೆಗಳನ್ನು ಒದಗಿಸುವುದಾಗಿ ಸಂಸ್ಥೆ ಹೇಳಿದೆ. ವೃದ್ಧ ನಿವಾಸಿಗಳು ತಮ್ಮ ಮನೆಗಳನ್ನು ತೆರವು ಮಾಡಬೇಕಾದುದಂತೂ ದಿಟ. ಅವರಿಗೆ ಅಲ್ಲಿ ಷೇರುಗಳಿರಲಿಲ್ಲ, ಮತವೂ ಇರಲಿಲ್ಲ. ಗೋಡೆಯ ಈಚೆಗಿನ ನೆಲದ ಬಗ್ಗೆ ಮಾತ್ರ ಒಡೆಯರು ಇಂದಿಗೂ ನೂರು ಪೌಂಡಿನ ಷೇರುದಾರರ ಸಭೆ ಕರೆದು, ನೂರಕ್ಕೆ 75 ಮತಗಳನ್ನು ಕೇಳಬೇಕಾಗಿದೆ.