ಬೈಕ್ ಬ್ಯಾಟರಿ ಚಾರ್ಜ್ ಆಗ್ತಿಲ್ವಾ? ಮೊದಲು ಇದನ್ನ ನೋಡಿ

ಜನವರಿ ಬೆಳಗ್ಗೆ, ದೆಹಲಿ ಮಂಜು. ಸೆಲ್ಫ್ ಒತ್ತಿದ್ರೆ ಬರೀ ಟಿಕ್ ಟಿಕ್. ತಕ್ಷಣ ಕರೋಲ್ ಬಾಗ್‌ಗೆ ಓಡಿ ಹೊಸ ಬ್ಯಾಟರಿ ತರಬೇಡಿ. ಚಾರ್ಜಿಂಗೇ ಕೆಟ್ಟಿದ್ರೆ ಅದೂ ಬೇಗ ಮಲಗುತ್ತೆ. ಅಂದಹಾಗೆ, ಎಲ್ಲರೂ ಚಳಿಯನ್ನ ಬೈತಾರೆ. ಬ್ಯಾಟರಿಯ ಆಯಸ್ಸು ತಿನ್ನೋದು ಇಲ್ಲಿನ ಮೇ-ಜೂನ್ ಬಿಸಿಲು.

ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಕೊಡಿ: 13.5ರಿಂದ 14.5. ಏರಲೇ ಇಲ್ವಾ? ಚಾರ್ಜ್ ಆಗ್ತಿಲ್ಲ. 15 ದಾಟಿತಾ? ರೆಗ್ಯುಲೇಟರ್ ಹೋಗಿದೆ.

ಏರದಿದ್ರೆ ಮೊದಲು ಫ್ಯೂಸ್, ಸಡಿಲ ಟರ್ಮಿನಲ್, ಬಿಳಿ ಪುಡಿ ನೋಡಿ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಲ್ಲಿ ಬೈಕ್ ಇಳಿಸಿದ್ರಾ? ಹಾಗಿದ್ರೆ ರೆಗ್ಯುಲೇಟರ್ ಕಪ್ಲರ್ ಬಿಚ್ಚಿ. ತುಕ್ಕು, ಕರಗಿದ ಪ್ಲಾಸ್ಟಿಕ್ ಕಂಡ್ರೆ ಕಳ್ಳ ಸಿಕ್ಕಂಗೇ.

ಅಲ್ಲೂ ಸರಿಯಿದ್ರೆ ಸ್ಟೇಟರ್, ಅಂದ್ರೆ ಎಂಜಿನ್‌ನಲ್ಲಿ ಕರೆಂಟ್ ಹುಟ್ಟಿಸೋ ಕಾಯಿಲ್, ನೋಡಿ. ಹಲವು ಬೈಕ್‌ಗಳಲ್ಲಿ ಅದರಿಂದ ಮೂರು ಹಳದಿ ವೈರ್ ಬರುತ್ತೆ. ಅದರ ಕಪ್ಲರ್ ಬಿಚ್ಚಿಟ್ಟು, ಎಂಜಿನ್ ಓಡಿಸಿ, ಎರಡೆರಡರ ನಡುವೆ ಎಸಿ ವೋಲ್ಟ್ ಅಳೆಯಿರಿ. ಮೂರೂ ಜೋಡಿ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಆಮೇಲೆ ಎಂಜಿನ್ ಆಫ್ ಮಾಡಿ ನೋಡಿ: ಯಾವ ಹಳದಿ ವೈರಿಗೂ ಬಾಡಿಗೂ ಸಂಪರ್ಕ ಇರಬಾರದು. ಇದ್ರೆ ಕಾಯಿಲ್ ಸುಟ್ಟಿದೆ.

ಎಲ್ಲ ಸರಿಯಿದ್ರೂ ಬ್ಯಾಟರಿ ಇಳೀತಿದ್ಯಾ? 2017ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳ ಹೆಡ್‌ಲೈಟ್ ಆರಿಸೋಕೇ ಆಗಲ್ಲ. ನೋಯ್ಡಾ, ಗುರುಗ್ರಾಮದ ಜಾಮ್‌ನಲ್ಲಿ ಐಡ್ಲಿಂಗ್‌ನಲ್ಲೇ ನಿಂತ್ರೆ ಚಾರ್ಜ್ ಕಮ್ಮಿ, ಖರ್ಚು ಜಾಸ್ತಿ. ಎಕ್ಸ್‌ಟ್ರಾ ಫಾಗ್‌ಲೈಟ್ ಹಾಕಿದ್ರೆ ಕೇಳೋದೇ ಬೇಡ.

ಕೊನೆಗೊಂದು ಮಾತು: ಎಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ಕಿತ್ತು ಟೆಸ್ಟ್ ಮಾಡೋಕೆ ಯಾವ ಮೆಕ್ಯಾನಿಕ್‌ಗೂ ಬಿಡಬೇಡಿ. ಬಿಎಸ್6 ಬೈಕ್‌ನ ಇಸಿಯುನೇ ಸುಟ್ಟುಹೋಗಬಹುದು.