ಅಫ್ರೊಡೈಟಿಯ ಬಣ್ಣ, ಗೌರಮ್ಮನ ಮುಖ

ಮಡಿಕೇರಿಯಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದ್ದು 1820ರಲ್ಲಿ. ಅದೇ ವರ್ಷ ಗ್ರೀಸಿನ ಮೆಲೋಸ್ ದ್ವೀಪದ ರೈತನೊಬ್ಬನಿಗೆ ಅಮೃತಶಿಲೆಯ ಹೆಣ್ಣುಮೂರ್ತಿಯೊಂದು ಸಿಕ್ಕಿತು. ಮುಂದೆ ಪ್ಯಾರಿಸಿನ ಲೂವ್ರ್ ಸೇರಿ ‘ವೀನಸ್ ಡಿ ಮಿಲೋ’ ಎಂದು ಲೋಕಪ್ರಸಿದ್ಧಳಾದ ಕೈಯಿಲ್ಲದ ಪ್ರೇಮದೇವತೆ ಅವಳೇ. ಗ್ರೀಕರು ಅಫ್ರೊಡೈಟಿ ಎಂದು ಕರೆದ ಆ ದೇವತೆಗೂ ಕೊಡಗಿಗೂ ನಂಟು ಬೆಳೆದದ್ದು ಮೂರು ದಶಕಗಳ ಮೇಲೆ, ಲಿಂಗರಾಜನ ಮೊಮ್ಮಗಳ ಮುಖದ ಮೂಲಕ.

ಅಫ್ರೊಡೈಟಿ ಎಂದೊಡನೆ ಹಾಲುಬಿಳುಪಿನ ಕಲ್ಲೇ ಕಣ್ಣಿಗೆ ಬರುತ್ತದೆ. ಗ್ರೀಕರು ಕಂಡದ್ದು ಹಾಗಲ್ಲ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಪ್ರಾಕ್ಸಿಟಲಿಸ್ ಕಡೆದ ನಗ್ನ ಅಫ್ರೊಡೈಟಿಯನ್ನು ಕ್ನಿಡೋಸ್ ಪಟ್ಟಣ ಕೊಂಡುಕೊಂಡಿತು. ಪಟ್ಟಣದ ಸಾಲವನ್ನೆಲ್ಲ ತೀರಿಸುತ್ತೇನೆ, ಮೂರ್ತಿ ಕೊಡಿ ಎಂದು ನಿಕೊಮಿಡಿಸ್ ರಾಜ ಕೇಳಿದರೂ ಜನ ಕೊಡಲಿಲ್ಲ. ನಿನ್ನ ಕೃತಿಗಳಲ್ಲಿ ನಿನಗೆ ಯಾವುದು ಮೆಚ್ಚು ಎಂದು ಕೇಳಿದರೆ ಪ್ರಾಕ್ಸಿಟಲಿಸ್, ಚಿತ್ರಕಾರ ನಿಕಿಯಾಸ್ ಬಣ್ಣದ ಕೈಯಾಡಿಸಿದವು ಎನ್ನುತ್ತಿದ್ದನಂತೆ. ಇದನ್ನು ಬರೆದಿಟ್ಟವನು ರೋಮಿನ ಪ್ಲಿನಿ. ದೇವರಿಗೆ ಕುಂಕುಮ, ಹೂವು, ಸೀರೆ ಏರಿಸುವ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಯುರೋಪು ಮಾತ್ರ ಮಾಸಿದ ಬಿಳಿಯನ್ನೇ ಸೌಂದರ್ಯವೆಂದು ಶತಮಾನಗಳ ಕಾಲ ಪೂಜಿಸಿತು.

ಆ ನಂಬಿಕೆಯನ್ನು ಕೆಣಕಿದವನು ರೋಮಿನಲ್ಲಿ ನೆಲೆಸಿದ್ದ ಶಿಲ್ಪಿ ಜಾನ್ ಗಿಬ್ಸನ್. 1851ರಿಂದ 56ರವರೆಗೆ ಕೆಲಸ ಮಾಡಿ, ಗ್ರೀಕರ ಹಾದಿಯಲ್ಲೇ, ಮೈಗೆ ತೆಳುಬಣ್ಣ, ಕೂದಲಿಗೆ ಹೊನ್ನಿನ ಛಾಯೆ, ಕಣ್ಣಿಗೆ ನೀಲಿ ಕೊಟ್ಟು ‘ಟಿಂಟೆಡ್ ವೀನಸ್’ ರೂಪಿಸಿದ. 1862ರ ಲಂಡನ್ ಪ್ರದರ್ಶನದಲ್ಲಿ ಅದನ್ನು ಕಂಡ ಹಲವರು ಅಸಭ್ಯವೆಂದು ಮೂಗು ಮುರಿದರು.

ಅಮೃತಶಿಲೆಗೆ ಬಣ್ಣ ಬಳಿಯುವ ಅದೇ ಹುರುಪು ಶಿಲ್ಪಿ ಬ್ಯಾರನ್ ಮರೊಕೆಟ್ಟಿಗೂ ಇತ್ತು. ವಿಕ್ಟೋರಿಯಾ ರಾಣಿಗಾಗಿ ಆತ ಬಣ್ಣದ ಅಮೃತಶಿಲೆಯಲ್ಲಿ ಕಡೆದ ಮುಖಗಳಲ್ಲಿ ಒಂದು ಪಂಜಾಬಿನ ದುಲೀಪ್ ಸಿಂಗನದು. ಇನ್ನೊಂದು ನಮ್ಮ ಗೌರಮ್ಮನದು.

ಕೊಡಗಿನಲ್ಲಿ ಈ ಹೆಸರು ಹೇಳಿದರೆ ಕತೆಗಾರ್ತಿ ಗೌರಮ್ಮ ನೆನಪಾಗುತ್ತಾರೆ. ಇವಳು ಬೇರೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪದಚ್ಯುತಗೊಳಿಸಿದ ಚಿಕ್ಕವೀರರಾಜೇಂದ್ರನ ಮಗಳು; ಹುಟ್ಟಿದ್ದು ಗಡಿಪಾರಿನ ಕಾಶಿಯಲ್ಲಿ, 1841ರಲ್ಲಿ. ಕಂಪನಿಯ ಬಳಿ ಉಳಿದಿದ್ದ ಹಣಕ್ಕಾಗಿ ದಾವೆ ಹೂಡಲು ತಂದೆ 1852ರಲ್ಲಿ ಲಂಡನ್ನಿಗೆ ಹೋದಾಗ ಜೊತೆಗಿದ್ದಳು. ಆ ವರ್ಷವೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ. ರಾಣಿಯೇ ಧರ್ಮಮಾತೆ, ಹೆಸರು ವಿಕ್ಟೋರಿಯಾ ಗೌರಮ್ಮ. ಹನ್ನೊಂದು ವರ್ಷದ ಹುಡುಗಿಯನ್ನು ತಂದೆಯಿಂದ ದೂರವಿಟ್ಟು ಇಂಗ್ಲಿಷರ ಮನೆಯಲ್ಲಿ ಬೆಳೆಸಿದರು. ಇದನ್ನು ವಾತ್ಸಲ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ದುಲೀಪನಿಗೆ ಮದುವೆ ಮಾಡಿಸುವ ರಾಣಿಯ ಆಸೆ ಕೈಗೂಡಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದ ಗೌರಮ್ಮ, ಮಗಳೊಬ್ಬಳನ್ನು ಹೆತ್ತು, 1864ರಲ್ಲಿ 22ರ ಹರೆಯದಲ್ಲೇ ಸತ್ತಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅಜ್ಜ ಕಟ್ಟಿಸಿದ ಓಂಕಾರೇಶ್ವರನನ್ನು ಅವಳು ನೋಡಲೇ ಇಲ್ಲ.

ಬಿಳಿ ಕಲ್ಲು ಗೌರಮ್ಮನ ಮುಖಕ್ಕೆ ಸುಳ್ಳಾಗುತ್ತಿತ್ತು. ಅಫ್ರೊಡೈಟಿಯ ಮೈಬಣ್ಣವನ್ನು ಮರಳಿಸಲು ಹೊರಟ ಕಾಲ ಕೊಡಗಿನ ಹುಡುಗಿಗೂ ಅವಳ ಬಣ್ಣವನ್ನು ಕೊಟ್ಟಿತು. ಊರನ್ನು, ತಂದೆಯನ್ನು ಕಿತ್ತುಕೊಂಡವರೇ ಕೊಟ್ಟರು ಎಂಬುದು ನನ್ನ ಸಂಕಟ.

ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಗೌರಮ್ಮನ ಆ ಶಿಲ್ಪದ ಪ್ರತಿಕೃತಿಯೊಂದನ್ನು, ಬಣ್ಣ ಸಮೇತ, ಅಲ್ಲಿಗೆ ತರಿಸುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಳ್ಳಲಿ.