ಗ್ರಿಡ್ ಪ್ರಶ್ನೆ ಬಂದ್ರೆ ಗಾಬರಿ ಯಾಕೆ? ಸಂಚಿಕೆಯ ಬರಹ ರೂಪ

ನಾನು ಓದಿದ್ದು ಬಿ.ಕಾಂ. ಕೋಡಿಂಗ್ ಕಲಿತು ಬರೆದ ಮೊದಲ ಆನ್‌ಲೈನ್ ಟೆಸ್ಟ್‌ನಲ್ಲೇ ಫೇಲಾದೆ. ಪ್ರಶ್ನೆ ಇಷ್ಟೇ: 5 ಸಾಲು, 5 ಕಾಲಂ ಇರೋ ಗ್ರಿಡ್. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಕನಿಷ್ಠ ಎಷ್ಟು ಹೆಜ್ಜೆ? ಮೊದಲ ಉದಾಹರಣೆಯಲ್ಲಿ ಗೋಡೆಯೇ ಇರಲಿಲ್ಲ. ಬೆರಳಲ್ಲೇ ಎಣಿಸಬಹುದು, ಉತ್ತರ 8. ನನ್ನ ಕೋಡ್ ಕೊಟ್ಟಿದ್ದು 24!

ಯಾಕೆ ಹೀಗಾಯ್ತು? ನಾನು ಬಳಸಿದ್ದು ಡಿಎಫ್‌ಎಸ್. ಅದು ಒಂದೇ ದಾರಿ ಹಿಡಿದು ಕೊನೆವರೆಗೂ ಹೋಗುತ್ತೆ, ದಾರಿ ಮುಚ್ಚಿದ್ರೆ ಮಾತ್ರ ವಾಪಸ್ ಬರುತ್ತೆ. ನಾನು ಬರೆದ ಕ್ರಮ ಬಲ, ಎಡ, ಕೆಳಗೆ, ಮೇಲೆ. ಹಾಗಾಗಿ ಹಾವು-ಏಣಿ ಆಟದ ಕಾಯಿ ಥರ ಪ್ರತಿ ಸಾಲನ್ನೂ ಸವೆಸಿಕೊಂಡು ಹೋಯ್ತು. ದಾರಿ ಸಿಕ್ಕಿತು, ಹತ್ತಿರದ ದಾರಿ ಸಿಗಲಿಲ್ಲ.

ಇಲ್ಲಿ ಬೇಕಿದ್ದದ್ದು ಬಿಎಫ್‌ಎಸ್. ಕೆರೆಗೆ ಕಲ್ಲು ಎಸೆದಾಗ ಅಲೆ ಹರಡುತ್ತಲ್ಲ, ಹಾಗೆ. ಒಂದೊಂದು ಚೌಕವನ್ನೂ ಗ್ರಾಫ್‌ನ ಒಂದು ಬಿಂದು ಅಂದ್ಕೊಳ್ಳಿ, ಅಕ್ಕಪಕ್ಕ, ಮೇಲೆ ಕೆಳಗೆ ಇರೋ ನಾಲ್ಕು ಚೌಕ ಅದರ ನೆರೆಹೊರೆ. 1 ಹೆಜ್ಜೆ ದೂರದವು ಮೊದಲು, ಆಮೇಲೆ 2 ಹೆಜ್ಜೆಯವು. ಇದಕ್ಕೆ ಕ್ಯೂ ಬೇಕು, ರೇಷನ್ ಅಂಗಡಿ ಸಾಲಿನ ಹಾಗೆ ಮೊದಲು ಬಂದವರಿಗೆ ಮೊದಲು. ಹಾಗಾಗಿ ಗುರಿ ಮೊದಲ ಸಲ ಸಿಕ್ಕಾಗಲೇ ಅದು ಕನಿಷ್ಠ ದೂರ. ಎಡ್ವರ್ಡ್ ಮೂರ್ 1959ರಲ್ಲಿ ಇದನ್ನು ಪ್ರಕಟಿಸಿದ್ದೂ ಜಟಿಲ ದಾರಿಯಿಂದ ಹೊರಬರೋ ಲೆಕ್ಕಕ್ಕೇ. ಆದ್ರೆ ಪ್ರತಿ ಹೆಜ್ಜೆಯ ಖರ್ಚು ಒಂದೇ ಆಗಿರಬೇಕು, ಬೇರೆ ಬೇರೆ ಆದ್ರೆ ಡೈಕ್‌ಸ್ಟ್ರಾ ವಿಧಾನ ಬೇಕು.

ಒಂದು ಎಚ್ಚರಿಕೆ. ಚೌಕವನ್ನು ಕ್ಯೂಗೆ ಹಾಕುವಾಗಲೇ 'ನೋಡಿದ್ದು' ಅಂತ ಗುರುತು ಮಾಡಿ, ಹೊರಗೆ ತೆಗೆಯುವಾಗ ಅಲ್ಲ. ಇಲ್ಲಾಂದ್ರೆ ಇಬ್ಬರು ನೆರೆಯವರು ಅದನ್ನೇ ಎರಡು ಸಲ ಸೇರಿಸ್ತಾರೆ. ಒಂದೇ ಬಿಲ್ಲನ್ನು ಎರಡು ಸಲ ಎಂಟ್ರಿ ಮಾಡಿದ ಹಾಗೆ! ಸರಿಯಾಗಿ ಮಾಡಿದ್ರೆ 1000×1000 ಗ್ರಿಡ್‌ನಲ್ಲೂ 10 ಲಕ್ಷ ಚೌಕಗಳು ಒಂದೊಂದೇ ಸಲ ಬರ್ತವೆ.

ಹಾಗಂತ ಡಿಎಫ್‌ಎಸ್ ಬಿಸಾಕಬೇಡಿ. 'ಎಷ್ಟು ದ್ವೀಪಗಳಿವೆ?' ಅನ್ನೋ ಪ್ರಶ್ನೆಗೆ ದೂರ ಬೇಕಿಲ್ಲ, ಅಲ್ಲಿ ಎರಡೂ ನಡೆಯುತ್ತೆ. ಪೈಥಾನ್‌ನಲ್ಲಿ ಮಾತ್ರ ರಿಕರ್ಶನ್ ಮಿತಿ ಸಾಮಾನ್ಯವಾಗಿ 1000, ದೊಡ್ಡ ದ್ವೀಪ ಬಂದ್ರೆ ಕೋಡ್ ಕೈಕೊಡುತ್ತೆ. ಆಗ ನೀವೇ ಒಂದು ಸ್ಟ್ಯಾಕ್ ಇಟ್ಕೊಳ್ಳಿ.

ಆ ಕೆಲಸ ನನಗೆ ಸಿಗಲಿಲ್ಲ. 'ಕಾಮರ್ಸ್‌ನವರಿಗೆ ಇದೆಲ್ಲ ಯಾಕಪ್ಪಾ' ಅಂದ್ರು ಮನೇಲಿ. ಅವತ್ತು ರಾತ್ರಿ ಲೆಕ್ಕದ ಪುಸ್ತಕದ ಚೌಕಗಳಲ್ಲಿ ಪೆನ್ಸಿಲ್ ಹಿಡಿದು 1, 2, 3 ಅಂತ ಅಲೆ ಬರೆದೆ. ಕೊನೆ ಮೂಲೆಗೆ 8 ಬಂತು. ತಪ್ಪಿದ್ದು ನನ್ನ ಡಿಗ್ರಿಯಲ್ಲ, ಆರಿಸಿಕೊಂಡ ವಿಧಾನ. ನೀವೂ ಕೋಡ್ ಬರೆಯೋ ಮೊದಲು ಒಂದ್ಸಲ ಹಾಳೆ ಮೇಲೆ ಬರೆದು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.